ನೆನಪಿನ ಮೆರವಣಿಗೆ ಮತ್ತು ಮರೆವಿನ ರಾಜಕೀಯ

ಸತ್ತವರನ್ನು ನೆನೆಯದ ಸಮಾಜವಿಲ್ಲ. ಆದರೆ ಯಾರನ್ನು ನೆನೆಯಬೇಕು, ಎಷ್ಟು ಕಾಲ ನೆನೆಯಬೇಕು ಎಂಬುದನ್ನು ತೀರ್ಮಾನಿಸುವವರು ಬದುಕಿರುವವರು. ಒಂದು ಸ್ಮರಣೆ ಉಳಿದು ಇನ್ನೊಂದು ಅಳಿದುಹೋಗುವುದು ಹೇಗೆ? ಅಮೆರಿಕದ ಎರಡು ಊರುಗಳ ಚರಿತ್ರೆಯಲ್ಲಿ ಇದಕ್ಕೆ ಉತ್ತರವಿದೆ.

1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಆರು ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತರು. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ದಕ್ಷಿಣದ ರಾಜ್ಯಗಳು ಒಕ್ಕೂಟದಿಂದ ಸಿಡಿದುಹೋದದ್ದೇ ಈ ಯುದ್ಧದ ಮೂಲ. 1868ರ ಮೇ 5ರಂದು ಉತ್ತರದ ಮಾಜಿ ಸೈನಿಕರ ಸಂಘದ ಮುಖ್ಯಸ್ಥ ಜನರಲ್ ಜಾನ್ ಲೋಗನ್, ಅದೇ ತಿಂಗಳ 30ರಂದು ಎಲ್ಲೆಡೆ ಮಡಿದ ಸೈನಿಕರ ಗೋರಿಗಳಿಗೆ ಹೂವಿಡಬೇಕೆಂದು ಆದೇಶ ಹೊರಡಿಸಿದರು. ಇಂದಿನ 'ಮೆಮೋರಿಯಲ್ ಡೇ' ಬೆಳೆದುಬಂದದ್ದು ಹೀಗೆ.

ಒಹಾಯೊ ನದಿಯ ದಡದಲ್ಲಿರುವ ಐರನ್‌ಟನ್ ಎಂಬ ಸಣ್ಣ ಊರು 1868ರಿಂದಲೂ ಈ ದಿನದ ಮೆರವಣಿಗೆಯನ್ನು ನಡೆಸುತ್ತ ಬಂದಿದೆ. ತಡೆಯಿಲ್ಲದೆ ನಡೆದುಬಂದ ದೇಶದ ಅತಿ ಹಳೆಯ ಮೆರವಣಿಗೆ ತನ್ನದೆಂಬುದು ಅದರ ಹೆಮ್ಮೆ. ಪೆನ್ಸಿಲ್ವೇನಿಯಾದ ಡಾಯ್ಲ್ಸ್‌ಟೌನ್ ಕೂಡ ಇದೇ ಮಾತು ಹೇಳುತ್ತದೆ. ಐರನ್‌ಟನ್ 1849ರಲ್ಲಿ ಕಬ್ಬಿಣದ ಕುಲುಮೆಗಳನ್ನು ನಂಬಿ ಹುಟ್ಟಿದ ಊರು. ನದಿಯಾಚೆಗಿನ ಕೆಂಟಕಿಯಲ್ಲಿ ಆಗ ಗುಲಾಮಗಿರಿ ಕಾನೂನುಬದ್ಧವಾಗಿತ್ತು. ಊರಿನ ಸ್ಥಾಪಕ ಜಾನ್ ಕ್ಯಾಂಪ್‌ಬೆಲ್, ನದಿ ದಾಟಿ ತಪ್ಪಿಸಿಕೊಂಡು ಬಂದ ಗುಲಾಮರಿಗೆ ಆಶ್ರಯ ಕೊಟ್ಟು ಮುಂದಕ್ಕೆ ಸಾಗಿಸುತ್ತಿದ್ದವರಲ್ಲಿ ಒಬ್ಬರು.

ಈಗ ಆ ಕುಲುಮೆಗಳು ಆರಿವೆ. ಕಳೆದ ಶತಮಾನದ ನಡುವೆ 16 ಸಾವಿರದಷ್ಟಿದ್ದ ಜನಸಂಖ್ಯೆ 2020ರ ಗಣತಿಯ ಹೊತ್ತಿಗೆ ಹತ್ತೂವರೆ ಸಾವಿರಕ್ಕೆ ಇಳಿಯಿತು. ಲೋಗನ್ ಅವರ ಸಂಘದ ಕೊನೆಯ ಸದಸ್ಯ ತೀರಿಕೊಂಡದ್ದು 1956ರಲ್ಲಿ. ಆದರೂ ಮೆರವಣಿಗೆ ನಿಲ್ಲಲಿಲ್ಲ. ಊರಿನವರೇ ಸೇರಿದ ಒಂದು ಸಮಿತಿ ಅದನ್ನು ನಡೆಸುತ್ತದೆ. ಹಣ ಹೊಂದಿಸುವುದು, ಶಾಲೆಗಳ ಬ್ಯಾಂಡುಗಳನ್ನು ಕರೆಯುವುದು, ಮಾಜಿ ಸೈನಿಕರನ್ನು ಕೂಡಿಸುವುದು, ಮುಂದೆ ಸಾಗುವ ಗೌರವ ಯಾರಿಗೆಂದು ಆರಿಸುವುದು, ಯಾರ ಹಿಂದೆ ಯಾರೆಂದು ಗೊತ್ತುಮಾಡುವುದು - ಇವೆಲ್ಲ ಹೆಸರಾಗಲಿ ಸಂಬಳವಾಗಲಿ ಇಲ್ಲದ ಕೆಲಸಗಳು. ಇವನ್ನು ಮಾಡುವವರು ಇರುವುದರಿಂದಲೇ ಸಂಪ್ರದಾಯ ಉಳಿದಿದೆ.

ಇನ್ನೊಂದು ಊರು ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್. ಯುದ್ಧದ ಕೊನೆಯ ವರ್ಷದಲ್ಲಿ ಅಲ್ಲಿನ ಕುದುರೆ ಜೂಜಿನ ಮೈದಾನವನ್ನು ಉತ್ತರದ ಸೈನಿಕರ ಸೆರೆಮನೆಯಾಗಿ ಮಾಡಿದ್ದರು. ಬಿಸಿಲು, ಚಳಿ, ರೋಗಗಳಿಂದ 257 ಬಂದಿಗಳು ಸತ್ತರು. ಅವರನ್ನು ಗುರುತಿಲ್ಲದ ಗುಂಡಿಗಳಲ್ಲಿ ಹೂಳಲಾಗಿತ್ತು. ದಕ್ಷಿಣದ ಸೈನ್ಯ ಊರು ಬಿಟ್ಟ ಮೇಲೆ, ಆಗಷ್ಟೇ ಬಿಡುಗಡೆಗೊಂಡಿದ್ದ ಕಪ್ಪು ಜನರು ಆ ಹೆಣಗಳನ್ನು ತೆಗೆದು ಸಾಲಾಗಿ ಮರ್ಯಾದೆಯಿಂದ ಮಣ್ಣುಮಾಡಿದರು. ಸುತ್ತ ಬೇಲಿ ಕಟ್ಟಿ ಸುಣ್ಣ ಬಳಿದರು. ಲೋಗನ್ ಆದೇಶಕ್ಕೆ ಮೂರು ವರ್ಷ ಮೊದಲೇ, 1865ರ ಮೇ 1ರಂದು, ಸುಮಾರು ಹತ್ತು ಸಾವಿರ ಜನ ಅಲ್ಲಿಗೆ ಮೆರವಣಿಗೆ ಬಂದರು. ಮುಂದೆ ಮೂರು ಸಾವಿರ ಶಾಲಾ ಮಕ್ಕಳು, ಕೈಯಲ್ಲಿ ಗುಲಾಬಿ. ಹಿಂದೆ ಹೂಬುಟ್ಟಿ ಹೊತ್ತ ಹೆಂಗಸರು. ಗುಲಾಮರಿಗೆ ಓದು ಕಲಿಸುವುದೇ ಅಪರಾಧವಾಗಿದ್ದ ನೆಲದಲ್ಲಿ ಅವರ ಮಕ್ಕಳು ಶಾಲೆಯ ಮಕ್ಕಳಾಗಿ ನಡೆದ ದಿನವದು.

ಇಷ್ಟು ದೊಡ್ಡ ಘಟನೆಯೇ ಚರಿತ್ರೆಯಿಂದ ಮರೆಯಾಯಿತು. 1877ರಲ್ಲಿ ಒಕ್ಕೂಟದ ಸೈನ್ಯದ ಬೆಂಬಲ ಹೋದ ಮೇಲೆ ಅಧಿಕಾರ ಮತ್ತೆ ಹಳೆಯ ಬಿಳಿಯ ಒಡೆಯರ ಕೈಸೇರಿತು. ಕಪ್ಪು ಜನರ ಮತದ ಹಕ್ಕನ್ನು ಹಂತಹಂತವಾಗಿ ಕಿತ್ತುಕೊಳ್ಳಲಾಯಿತು. ಗೋರಿಗಳಲ್ಲಿದ್ದ ಅವಶೇಷಗಳನ್ನು ಬ್ಯೂಫರ್ಟ್‌ನ ರಾಷ್ಟ್ರೀಯ ಸ್ಮಶಾನಕ್ಕೆ ಸಾಗಿಸಲಾಯಿತು. ಆ ಮೈದಾನದ ಜಾಗದಲ್ಲಿ ಎದ್ದ ಉದ್ಯಾನಕ್ಕೆ ದಕ್ಷಿಣದ ಸೇನಾಪತಿ ವೇಡ್ ಹ್ಯಾಂಪ್ಟನ್ ಅವರ ಹೆಸರನ್ನಿಡಲಾಯಿತು. 1990ರ ದಶಕದಲ್ಲಿ ಇತಿಹಾಸಕಾರ ಡೇವಿಡ್ ಬ್ಲೈಟ್ ಹಳೆಯ ಕಾಗದಪತ್ರಗಳ ನಡುವೆ ಈ ಮೆರವಣಿಗೆಯ ವಿವರ ಕಂಡು, 2001ರ ತಮ್ಮ ಗ್ರಂಥದಲ್ಲಿ ಬರೆದ ಮೇಲೆಯೇ ಅದು ಹೆಚ್ಚಿನವರಿಗೆ ತಿಳಿದದ್ದು.

ಚಾರ್ಲ್ಸ್‌ಟನ್ನಿನಲ್ಲಿ ಸ್ವಯಂಸೇವಕರಿಗೆ ಕೊರತೆಯಿರಲಿಲ್ಲ. ಅವರಿಂದ ಬೀದಿಯನ್ನೂ ಅಧಿಕಾರವನ್ನೂ ಕಿತ್ತುಕೊಂಡದ್ದೇ ಅಲ್ಲಿನ ಮರೆವಿನ ಕಾರಣ. ಸ್ಮರಣೆಗೆ ದುಡಿಯುವ ಕೈಗಳಷ್ಟೇ ಸಾಲವು. ಆ ಕೈಗಳಿಗೆ ಸ್ವಾತಂತ್ರ್ಯವೂ ಬೇಕು ಎಂದು ನಾವು ಇದರಿಂದ ತಿಳಿಯುತ್ತೇವೆ.

ಉಳಿದುಬಂದ ಮೆರವಣಿಗೆಗಳ ಮುಂದೆಯೂ ಒಂದು ಪ್ರಶ್ನೆಯಿದೆ. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಅಮೆರಿಕದ ಅನೇಕ ಸಮಾರಂಭಗಳಲ್ಲಿ ಎರಡೂ ಕಡೆಯ ಸೈನಿಕರ ಶೌರ್ಯದ ಹೊಗಳಿಕೆ ಉಳಿದು, ಗುಲಾಮಗಿರಿಯ ಮಾತು ಹಿಂದೆ ಸರಿದಿತ್ತು. ಅಲ್ಲಿ ನಡಿಗೆ ಮುಂದುವರಿದರೂ, ನಡೆದದ್ದು ಏತಕ್ಕೆಂಬುದು ಮಸುಕಾಯಿತು. ಆದ್ದರಿಂದ ಸ್ವಯಂಸೇವಕರ ಹೊಣೆ ಎರಡು ಬಗೆಯದು: ವರ್ಷವರ್ಷವೂ ಸಾಲು ಕೂಡಿಸುವುದು ಒಂದು, ಮುಂದೆ ನಡೆಯುವ ಮಕ್ಕಳಿಗೆ ಸತ್ತವರು ಏಕೆ ಸತ್ತರೆಂದು ಹೇಳುವುದು ಇನ್ನೊಂದು. ಎರಡನೆಯದು ಹೆಚ್ಚು ಕಷ್ಟದ ಕೆಲಸ.