ಹಸುವಿಗೆ ಹುಚ್ಚು ಹಿಡಿಯುತ್ತಾ?

ಕಳೆದ ತಿಂಗಳು ಪಕ್ಕದ ಫ್ಲ್ಯಾಟಿನವರ ಮುದಿ ಲ್ಯಾಬ್ರಡಾರ್ ಬೆಳಗ್ಗೆ ಎದ್ದವನೇ ಕುಡಿದವರ ಹಾಗೆ ಓಲಾಡತೊಡಗಿದ. ಡಾಕ್ಟರ ಹತ್ತಿರ ಹೋಗಿ ಬಂದ ಮೇಲೆ ಅವರು ಫೈಲಿನ ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡಿದರು. 'ನಿಮ್ಮೂರಲ್ಲಿ ದನಕರು ಇತ್ತಲ್ವಾ, ಇದೇನು ಸ್ವಲ್ಪ ಹೇಳಿ' ಅಂತ. ಫೈಲಿನಲ್ಲಿ ಮೂರು ಪದ: ಅಟಾಕ್ಸಿಯಾ, ಪ್ಯಾರೆಸಿಸ್, ನಿಸ್ಟ್ಯಾಗ್ಮಸ್.

ದನ ಸಾಕಿದ ಮನೆಯವನು ಅಂದಮಾತ್ರಕ್ಕೆ ಗ್ರೀಕ್ ಬರುತ್ತಾ? ಹುಡುಕಿ ನೋಡಿದೆ. ಅಟಾಕ್ಸಿಯಾ ಅಂದರೆ ಹೆಜ್ಜೆ ಹಿಡಿತ ತಪ್ಪಿ ಓಲಾಡುವುದು. ಪ್ಯಾರೆಸಿಸ್ ಅಂದರೆ ಕೈಕಾಲಿನ ಬಲ ಕುಂದುವುದು. ಬಲ ಪೂರ್ತಿ ಹೋದರೆ ಅದು ಪ್ಯಾರಾಲಿಸಿಸ್. ನಿಸ್ಟ್ಯಾಗ್ಮಸ್ ಅಂದರೆ ಕಣ್ಣುಗುಡ್ಡೆ ತಾನಾಗೇ ಅತ್ತಿತ್ತ ಓಡುವುದು. ಆ ನಾಯಿಗೆ ಕೆಟ್ಟಿದ್ದು ಕಿವಿಯೊಳಗಿನ ಸಮತೋಲದ ವ್ಯವಸ್ಥೆ. ಮೂರು ವಾರದಲ್ಲಿ ಸರಿಹೋಯ್ತು. ಆದರೆ ನನಗೆ ಆ ಪದಗಳ ಗುಂಗು ಬಿಡಲಿಲ್ಲ. ಯಾಕೆಂದರೆ ಒಂದು ಕಾಲದಲ್ಲಿ ನಮ್ಮ ಮನೆಯಲ್ಲಿ ಒಂದು ತಪ್ಪು ಪದ ನಮ್ಮ ತಾತನ ಜೀವವನ್ನೇ ತೆಗೆಯುವುದರಲ್ಲಿತ್ತು.

ನಮ್ಮೂರು ಪುಣಜನೂರು. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ರಸ್ತೆಯಲ್ಲಿ ಕಾರಿನಲ್ಲಿ ಹೋದವರಿಗೆ ಗೊತ್ತಿರುತ್ತೆ, ಅಲ್ಲೊಂದು ಚೆಕ್‌ಪೋಸ್ಟ್ ಇದೆ. ಅದಾದ ಮೇಲೆ ಕಾಡು, ಆಮೇಲೆ ತಮಿಳುನಾಡಿನ ಹಾಸನೂರು, ಆಮೇಲೆ 27 ತಿರುವಿನ ದಿಂಬಂ ಘಾಟಿ. ಬಿಳಿಗಿರಿರಂಗನ ಕಾಡಿನ ಅಂಚಿನ ಊರು. ಊರ ನಾಯಿ, ಕಾಡಿನ ನರಿ, ಮೇಯುವ ದನ, ಎಲ್ಲದಕ್ಕೂ ಒಂದೇ ಹಳ್ಳ, ಒಂದೇ ದಾರಿ.

1994ರ ಮಾತು. ನಾನಾಗ ಆರನೇ ಕ್ಲಾಸು. ನಮ್ಮ ಕೆಂದ ಹಸು ಮೇವು ಬಿಟ್ಟಿತು. ಬಾಯಿಂದ ಜೊಲ್ಲು ದಾರದ ಹಾಗೆ ಇಳಿಯುತ್ತಿತ್ತು. ಗಂಟಲು ಕಟ್ಟಿದವರ ಹಾಗೆ ಒಡಕು ದನಿಯಲ್ಲಿ ಅರಚುತ್ತಿತ್ತು. ತಾತ ನೋಡಿ, 'ಗಂಟ್ಲಲ್ಲಿ ಏನೋ ಸಿಕ್ಕಂಡದ ಕನಾ' ಅಂದು, ತೋಳು ಮಡಚಿ ಹಸುವಿನ ಬಾಯೊಳಗೆ ಕೈ ಹಾಕಿಯೇ ಬಿಟ್ಟರು. ಗಂಟಲಲ್ಲಿ ಏನೂ ಸಿಗಲಿಲ್ಲ. ಹಲ್ಲು ತಾಗಿ ಬೆರಳ ಗೆಣ್ಣು ತರಚಿತು, ಅಷ್ಟೆ.

ಮಾರನೇ ದಿನ ದನದ ಡಾಕ್ಟ್ರು ಬಂದರು. ಹಸುವನ್ನು ಮುಟ್ಟುವ ಮೊದಲೇ ಕೇಳಿದರು, 'ಇತ್ತೀಚೆಗೆ ನಾಯಿಗೀಯಿ ಕಚ್ಚಿತ್ತಾ ಯಜಮಾನ್ರೇ?' ಎರಡು ತಿಂಗಳ ಹಿಂದೆ ಹಟ್ಟಿಗೆ ನುಗ್ಗಿದ್ದ ನಾಯಿಯ ನೆನಪು ಅವ್ವನಿಗೆ ಬಂತು. ಡಾಕ್ಟ್ರು 'ರೇಬಿಸ್ ಥರ ಕಾಣ್ತದೆ' ಅಂದರು. ಯಾರಿಗೂ ಅರ್ಥವಾಗಲಿಲ್ಲ. 'ಹುಚ್ಚುನಾಯಿ ಕಾಯಿಲೆ' ಅಂದರು. ಆಗ ಅಜ್ಜಿ ಹೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ: 'ಹಸೀಗೆ ಹುಚ್ಚು ಹಿಡ್ದದಾ ಸಾಮಿ? ಪಾಪದ್ದು ಸುಮ್ಕೆ ನಿಂತದಲ್ಲ.'

ತಾತನದು ಇನ್ನೂ ದೊಡ್ಡ ಪುರಾವೆ. ಬಾನಿಯಲ್ಲಿ ನೀರು ತಂದು ಹಸುವಿನ ಮುಂದಿಟ್ಟರು. ಹಸು ಮೂತಿ ನೀರಿಗಿಟ್ಟಿತು. 'ನೋಡಿ ಸಾಮಿ, ಹುಚ್ಚಾಗಿದ್ರೆ ನೀರ್ ಕಂಡು ಹೆದರ್ಬೇಕಿತ್ತು. ಹೆದರ್ನಿಲ್ಲ. ನಂಗೆ ಸೂಜಿ ಬ್ಯಾಡ.' ಡಾಕ್ಟ್ರು ಬಾನಿ ತೋರಿಸಿದರು. ಎಷ್ಟು ಹೊತ್ತಾದರೂ ನೀರಿನ ಮಟ್ಟ ಇಳಿದಿರಲಿಲ್ಲ. ಹಸುವಿಗೆ ಬಾಯಾರಿಕೆ ಇತ್ತು, ನುಂಗುವ ಶಕ್ತಿ ಇರಲಿಲ್ಲ. ಗಂಟಲಿನ ನರಗಳು ಸತ್ತಿದ್ದವು.

ಇಲ್ಲಿ ಎರಡು ಪದಗಳು ಸೇರಿ ತಾತನನ್ನು ದಾರಿ ತಪ್ಪಿಸಿದ್ದವು. ಒಂದು 'ಹುಚ್ಚು', ಇನ್ನೊಂದು 'ನೀರಿನ ಭಯ'. ಎರಡೂ ಹಳೆಯ ಪದಗಳೇ, ಎರಡೂ ಅರ್ಧ ಸತ್ಯ.

ಸುಶ್ರುತ ಸಂಹಿತೆಯ ಕಲ್ಪಸ್ಥಾನದಲ್ಲಿ ಈ ಕಾಯಿಲೆಯ ವರ್ಣನೆ ಇದೆ. ಕಾಯಿಲೆ ಹಿಡಿದ ನಾಯಿಯ ಬಾಲ, ದವಡೆ, ಹೆಗಲು ಜೋತುಬಿದ್ದು ಜೊಲ್ಲು ಸುರಿಯುತ್ತದೆ ಅನ್ನುತ್ತದೆ. ದವಡೆ ಜೋತುಬೀಳುವುದು ನರದ ಲಕ್ಷಣ, ಇವತ್ತಿನ ವೆಟ್ ಕೂಡ ಅದನ್ನೇ ಮೊದಲು ನೋಡುವುದು. ನೀರು ಕಂಡರೆ ಹೆದರುವ 'ಜಲತ್ರಾಸ'ವನ್ನು ಆ ಗ್ರಂಥ ಹೇಳುವುದು ಕಚ್ಚಿಸಿಕೊಂಡ ಮನುಷ್ಯನ ವಿಚಾರದಲ್ಲಿ. ಅಂದರೆ ನಾಯಿಯ ಲಕ್ಷಣ ಬೇರೆ, ಮನುಷ್ಯನ ಲಕ್ಷಣ ಬೇರೆ ಅನ್ನೋದು ಹಳಬರಿಗೆ ಗೊತ್ತಿತ್ತು. ಯುರೋಪಿನಲ್ಲಿ ಮಾತ್ರ ಮನುಷ್ಯನಿಗೆ ಸಲ್ಲುವ 'ಹೈಡ್ರೋಫೋಬಿಯಾ' ಅನ್ನೋ ಹೆಸರು ಇಡೀ ಕಾಯಿಲೆಗೇ ಅಂಟಿಕೊಂಡಿತು. ನಾಯಿಗೂ ದನಕ್ಕೂ ನೀರಿನ ಭಯ ಇರುವುದಿಲ್ಲ. ರೇಬಿಸ್ ಹಿಡಿದ ನಾಯಿ ನೀರಿನಲ್ಲಿ ಈಜಲೂಬಹುದು. 'ನೀರು ಇಟ್ಟು ನೋಡೋದು' ಅನ್ನುವ ಪರೀಕ್ಷೆಗೆ ಅರ್ಥವೇ ಇಲ್ಲ.

'ಹುಚ್ಚು' ಕೂಡ ಹಾಗೇ. ರೇಬಿಸ್‌ನಲ್ಲಿ ಎರಡು ಬಗೆ. ಒಂದು ರೊಚ್ಚಿನದು, ಸಿಕ್ಕವರನ್ನೆಲ್ಲ ಕಚ್ಚುತ್ತಾ ಓಡುವುದು. ಇನ್ನೊಂದು ಮೂಕ ಬಗೆ, ಮೂಲೆ ಸೇರಿ ಮಂಕಾಗಿ ಕೂತು ದವಡೆ, ಗಂಟಲು, ಹಿಂಗಾಲು ಒಂದೊಂದಾಗಿ ಬಲ ಕಳೆದುಕೊಳ್ಳುವುದು. ದನಗಳಲ್ಲಿ ಈ ಮೂಕ ಬಗೆ ಕಂಡಾಗ ಎಲ್ಲರೂ ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಅಂತಲೇ ಅಂದುಕೊಳ್ಳುತ್ತಾರೆ, ಕೈ ಹಾಕುತ್ತಾರೆ. ಜೊಲ್ಲಿನಲ್ಲೇ ವೈರಸ್ ಇರುತ್ತದೆ.

ದನದ ಕಾಯಿಲೆಗಳಲ್ಲಿ ಹೀಗೆ ಮೋಸ ಮಾಡುವ ಹೆಸರು ಇನ್ನೂ ಇವೆ. ಕರು ಹಾಕಿದ ಹಸು ಎದ್ದೇಳಲಾಗದೆ ಕತ್ತು ಹೊರಳಿಸಿ ಮಲಗುವುದಕ್ಕೆ 'ಹಾಲು ಜ್ವರ' ಅನ್ನುತ್ತೇವೆ. ಅದರಲ್ಲಿ ಜ್ವರವೇ ಇಲ್ಲ, ಮೈ ತಣ್ಣಗಾಗುತ್ತೆ. ರಕ್ತದಲ್ಲಿ ಕ್ಯಾಲ್ಸಿಯಂ ಕಮ್ಮಿಯಾಗಿ ನರ, ಸ್ನಾಯು ಕೆಲಸ ನಿಲ್ಲಿಸಿರುತ್ತವೆ. ಆ ಕಾರಣ ಹೊಳೆದದ್ದೇ 1925ರಲ್ಲಿ. ಇದಕ್ಕೆ ಎದುರಾಗಿ ಚೆಂದದ ಹೆಸರೂ ಇದೆ. ಟೆಟನಸ್‌ಗೆ ನಾವು 'ಧನುರ್ವಾಯು' ಅಂತೀವಿ. ಮೈ ಸೆಟೆದು ಬಿಲ್ಲಿನ ಹಾಗೆ ಹಿಂದಕ್ಕೆ ಬಾಗುವುದನ್ನು ನೋಡಿ ಇಟ್ಟ ಹೆಸರು. ಕನ್ನಡಕ್ಕೆ ಈ ಶಾಸ್ತ್ರ ಹೊಸದೂ ಅಲ್ಲ. ಚಾಲುಕ್ಯರ ಮನೆತನದ ಕೀರ್ತಿವರ್ಮ 12ನೇ ಶತಮಾನದ ಹೊತ್ತಿಗೇ 'ಗೋವೈದ್ಯ' ಬರೆದಿದ್ದ.

ಈಗ ಸೂಜಿಯ ಕಥೆಗೆ ಬರೋಣ. 1804ರಲ್ಲಿ ಜರ್ಮನಿಯ ಝಿಂಕೆ, ಕಾಯಿಲೆ ನಾಯಿಯ ಜೊಲ್ಲನ್ನು ಆರೋಗ್ಯವಾಗಿದ್ದ ನಾಯಿಯ ಗಾಯಕ್ಕೆ ಸವರಿ, ರೋಗ ಜೊಲ್ಲಿನಿಂದ ದಾಟುತ್ತದೆ ಅಂತ ತೋರಿಸಿದ. 1879ರಲ್ಲಿ ಫ್ರಾನ್ಸಿನ ಲಿಯೋನ್‌ನ ಪಶುವೈದ್ಯ ಗಾಲ್ಟಿಯೆ ಅದನ್ನು ಮೊಲಗಳಿಗೆ ದಾಟಿಸಿದ. ಈ ದಾರಿಯಲ್ಲೇ ಮುಂದೆ ಹೋದ ಲೂಯಿ ಪಾಶ್ಚರ್, ಮೊಲದ ಬೆನ್ನುಹುರಿ ಒಣಗಿಸಿ ತಯಾರಿಸಿದ ಮದ್ದನ್ನು 1885ರ ಜುಲೈ 6ರಂದು ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನಿಗೆ ಚುಚ್ಚಲು ಶುರುಮಾಡಿದ. ಹುಡುಗ ಬದುಕಿದ. 1903ರಲ್ಲಿ ಇಟಲಿಯ ನೆಗ್ರಿ, ಸತ್ತ ಪ್ರಾಣಿಯ ಮೆದುಳಿನ ಜೀವಕೋಶಗಳಲ್ಲಿ ಸೂಕ್ಷ್ಮದರ್ಶಕಕ್ಕೆ ಕಾಣುವ ಚುಕ್ಕೆಗಳನ್ನು ಗುರುತಿಸಿದ. ಅಂದಾಜಿನ ಜಾಗಕ್ಕೆ ಪುರಾವೆ ಬಂತು.

ನಮ್ಮ ಕಡೆಯವರಿಗೆ ಈ ಇತಿಹಾಸ ಹತ್ತಿರ ಬಂದದ್ದು 1907ರಲ್ಲಿ, ನೀಲಗಿರಿಯ ಕೂನೂರಿನಲ್ಲಿ ದಕ್ಷಿಣ ಭಾರತದ ಪಾಶ್ಚರ್ ಸಂಸ್ಥೆ ಶುರುವಾದಾಗ. ಗುಂಡ್ಲುಪೇಟೆ, ಬಂಡೀಪುರ ದಾಟಿ ಊಟಿಯ ಮೇಲೆ ಹೋದರೆ ಕೂನೂರು. ಅತ್ತ ಉತ್ತರದ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಎಂಬ ಮಿಲಿಟರಿ ಡಾಕ್ಟರು 1911ರ ಹೊತ್ತಿಗೆ ಕುರಿಯ ಮೆದುಳಿನಿಂದ ಲಸಿಕೆ ಮಾಡಿದರು. ಅಗ್ಗ, ಎಲ್ಲೆಡೆ ಕಳಿಸಬಹುದು. ಹೊಕ್ಕುಳ ಸುತ್ತ 14 ಸೂಜಿ ಅಂತ ನಮ್ಮ ಹಿರಿಯರು ಹೆದರುತ್ತಿದ್ದದ್ದು ಇದಕ್ಕೇ.

ಆ ಲಸಿಕೆಯಲ್ಲಿ ಒಂದು ಕ್ರೂರ ವ್ಯಂಗ್ಯ ಇತ್ತು. ಅದರಲ್ಲಿ ಕುರಿಯ ನರದ ಅಂಶ ಇರುತ್ತಿತ್ತು. ಕೆಲವರ ಮೈ ಅದರ ವಿರುದ್ಧ ತಿರುಗಿಬಿದ್ದು, ಹಾಗೇ ತನ್ನ ನರಗಳ ಮೇಲೂ ಬೀಳುತ್ತಿತ್ತು. ನರದ ಕಾಯಿಲೆ ತಡೆಯಲು ಹೋಗಿ ಕೆಲವರಿಗೆ ಲಕ್ವ ಹೊಡೆದದ್ದುಂಟು. ಆದರೂ ರೇಬಿಸ್ ಬಂದರೆ ಸಾವು ಖಚಿತ, ಲಸಿಕೆಯ ಅಪಾಯ ಅಪರೂಪ. ಹಾಗಾಗಿ ಸುಮಾರು 90 ವರ್ಷ ಅದೇ ನಡೆಯಿತು. ಭಾರತ ಅದನ್ನು ನಿಲ್ಲಿಸಿದ್ದು 2004ರ ಡಿಸೆಂಬರಿನಲ್ಲಿ. ಈಗಿನದು ಜೀವಕೋಶಗಳಲ್ಲಿ ಬೆಳೆಸಿದ ಲಸಿಕೆ, ತೋಳಿಗೆ ಹಾಕುವ ನಾಲ್ಕೈದು ಡೋಸು ಅಷ್ಟೆ.

ತಾತನ ಹೊತ್ತಿಗೆ ಸಿಕ್ಕಿದ್ದು ಹಳೆಯದೇ. ಡಾಕ್ಟ್ರು ಬೈಯಲಿಲ್ಲ, ಹೆದರಿಸಲಿಲ್ಲ. ಜಗಲಿ ಮೇಲೆ ಕೂತು ಹೇಳಿದರು: 'ಹುಚ್ಚು ಅನ್ನೋದ ಮರೀರಿ. ಇದು ನರದ ಕಾಯಿಲೆ. ಕಚ್ಚಿದ ಜಾಗದಿಂದ ನರದೊಳಗೆ ನಡ್ಕೊಂಡು ಮೆದುಳಿಗೆ ಹೋಯ್ತದೆ. ನಿಧಾನಕ್ಕೆ ನಡೀತದೆ. ಅದು ಮೆದುಳು ಮುಟ್ಟೋ ಮುಂಚೆ ನಾವು ಸೂಜಿ ಮುಟ್ಟಿಸ್ಬೇಕು.' ದಾರಿಯಲ್ಲಿ ನಡೆಯುವ ರೋಗ ತಾತನಿಗೆ ಅರ್ಥವಾಯಿತು. ಮಾರನೇ ದಿನದಿಂದ ಚಾಮರಾಜನಗರದ ಬಸ್ಸು ಹತ್ತಿದರು. 14 ದಿನ. ಮಧ್ಯೆ ಐದನೇ ದಿನವೇ ಹಸು ಕಾಲು ಚಾಚಿತು. ಆಳದ ಗುಂಡಿ ತೆಗೆದು ಮಣ್ಣು ಮಾಡಿದೆವು. ಅದರ ಮೆದುಳನ್ನು ಯಾರೂ ಪರೀಕ್ಷೆಗೆ ಕಳಿಸಲಿಲ್ಲ, ಹಾಗಾಗಿ ಅದು ರೇಬಿಸ್ಸೇ ಅಂತ ಹೇಳುವ ಕಾಗದ ನಮ್ಮ ಹತ್ತಿರ ಇಲ್ಲ. ಈಗಾದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಇದಕ್ಕೆಂದೇ ಪ್ರಯೋಗಾಲಯ ಇದೆ, ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮಾನ್ಯತೆ ಇರುವಂಥದ್ದು.

ತಾತ ಆಮೇಲೆ 17 ವರ್ಷ ಬದುಕಿದರು. ಹೊಟ್ಟೆಯ ಸೂಜಿ ಗುರುತು ತೋರಿಸಿ ಮೊಮ್ಮಕ್ಕಳನ್ನು ಹೆದರಿಸುವುದು ಅವರ ಖಾಯಂ ಆಟವಾಗಿತ್ತು.

ಸೆಪ್ಟೆಂಬರ್ 28, ಪಾಶ್ಚರ್ ತೀರಿಕೊಂಡ ದಿನ, ವಿಶ್ವ ರೇಬಿಸ್ ದಿನ. ಅವತ್ತು ಆಫೀಸಿನ ಗ್ರೂಪುಗಳಲ್ಲಿ ಬೀದಿನಾಯಿ ಪರ, ವಿರೋಧ ಅಂತ ಜಗಳ ಶುರುವಾಗುತ್ತೆ. ಆಗಲಿ. ನನ್ನದು ಮಾತ್ರ ಸಣ್ಣ ವಿನಂತಿ. ನಾಯಿ, ಬೆಕ್ಕು ಯಾವುದೇ ಕಚ್ಚಿದರೂ ಪರಚಿದರೂ, ಅದು 'ಹುಚ್ಚಿನ ಹಾಗೆ ಕಾಣ್ತಿತ್ತಾ' ಅಂತ ಯೋಚಿಸುತ್ತಾ ಕೂರಬೇಡಿ. ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಿರಿ, ಅವತ್ತೇ ಡಾಕ್ಟರ ಹತ್ತಿರ ಹೋಗಿ. ಊರಲ್ಲಿ ಅಪ್ಪ ಅಮ್ಮ ಇದ್ದರೆ ಫೋನಿನಲ್ಲಿ ಇನ್ನೊಂದು ಮಾತು ಸೇರಿಸಿ: ಹಸು ಜೊಲ್ಲು ಸುರಿಸುತ್ತಾ ನಿಂತರೆ ಬಾಯಿಗೆ ಕೈ ಹಾಕಬೇಡಿ.

ಪಕ್ಕದ ಮನೆಯವರಿಗೆ ನಾನು ವಾಟ್ಸಾಪಿನಲ್ಲಿ ಕೊನೆಗೆ ಬರೆದದ್ದು ಇಷ್ಟೇ: 'ಓಲಾಟ, ಬಲ ಕಮ್ಮಿ, ಕಣ್ಣು ಓಡ್ತಿದೆ. ಗಾಬರಿ ಬೇಡ.' ಅವರು ಕೇಳಿದರು, 'ಇಷ್ಟು ಸುಲಭಾನಾ? ಮತ್ತೆ ಡಾಕ್ಟ್ರು ಯಾಕೆ ಹಂಗೆ ಬರೆದ್ರು?' ನಮ್ಮೂರ ದನದ ಡಾಕ್ಟ್ರು ನೆನಪಾದರು. ಅವರಿಗೂ ಆ ಗ್ರೀಕ್ ಪದಗಳೆಲ್ಲ ಬರುತ್ತಿದ್ದವು. ಜಗಲಿ ಮೇಲೆ ಕೂತಾಗ ಅವರು ಬಳಸಿದ್ದು ಬೇರೆಯ ಪದಗಳನ್ನು.