ಹೊಟ್ಟೆ ಉರಿಗೆ ಟೆನ್ಶನ್ನೇ ಕಾರಣಾನಾ?

ದೆಹಲಿಯ ಮುಖರ್ಜಿ ನಗರದಲ್ಲಿ ಯುಪಿಎಸ್‌ಸಿಗೆ ಓದುತ್ತಿರುವ ನಮ್ಮವರನ್ನು ಹೊಟ್ಟೆ ಉರಿ ಯಾಕೆ ಅಂತ ಕೇಳಿ ನೋಡಿ. ಟೆನ್ಶನ್, ಪಿಜಿ ಊಟ, ಚಹಾ ಅಂತಾರೆ. ಒಂದು ಕಾಲಕ್ಕೆ ಡಾಕ್ಟರುಗಳೂ ಅಲ್ಸರ್ ಬಗ್ಗೆ ಹೀಗೇ ಹೇಳ್ತಿದ್ರು: ಚಿಂತೆ ಬಿಡು, ಸಪ್ಪೆ ತಿನ್ನು, ಹಾಲು ಕುಡಿ. ವಾಸಿಯಾಗದಿದ್ರೆ ಆಪರೇಷನ್. 1976ರಲ್ಲಿ ಸಿಮೆಟಿಡಿನ್ ಮಾತ್ರೆ ಬಂತು, ಆಸಿಡ್ ಇಳೀತು, ಹುಣ್ಣು ಒಣಗ್ತು. ಆದ್ರೆ ಮಾತ್ರೆ ನಿಲ್ಲಿಸಿದ್ರೆ ಎಷ್ಟೋ ಜನಕ್ಕೆ ಮತ್ತೆ ಬರೋದು.

ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್ 1979ರಲ್ಲೇ ಜಠರದ ತುಣುಕಿನಲ್ಲಿ ಸುರುಳಿ ಆಕಾರದ ಬ್ಯಾಕ್ಟೀರಿಯಾ ಕಂಡಿದ್ದರು. ಆಮೇಲೆ ಬ್ಯಾರಿ ಮಾರ್ಷಲ್ ಜೊತೆಯಾದರು. ಲ್ಯಾಬ್‌ನಲ್ಲಿ ಅದು ಬೆಳೀಲೇ ಇಲ್ಲ. ಎರಡು ದಿನಕ್ಕೆ ತಟ್ಟೆ ಎಸೀತಿದ್ರು. 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳು ಹಾಗೇ ಉಳಿದವು, ಬೆಳೆದುಬಿಡ್ತು! ಸರ್ಕಾರಿ ರಜೆಗೂ ಇಷ್ಟು ಬೆಲೆ ಇದೆ ನೋಡಿ. ಆದ್ರೂ ಹೆಚ್ಚಿನವರು ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಅದನ್ನು ತಾವೇ ಕುಡಿದರು. ಕೆಲವೇ ದಿನಕ್ಕೆ ವಾಂತಿ, ಎಂಡೋಸ್ಕೋಪಿಯಲ್ಲಿ ಜಠರದ ಉರಿಯೂತ. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಈ ಹೆಲಿಕೋಬ್ಯಾಕ್ಟರ್ ಪೈಲೋರಿಯನ್ನು ಕ್ಯಾನ್ಸರ್‌ಕಾರಕ ಅಂತ ಘೋಷಿಸಿತು. ನೊಬೆಲ್ ಬಂದಿದ್ದು 2005ರಲ್ಲಿ.

ನಮ್ಮ ದೇಶದಲ್ಲಿ ಇದು ಸಾಮಾನ್ಯವಾಗಿ ಚಿಕ್ಕಂದಿನಲ್ಲೇ ಅಂಟುತ್ತೆ. ಬಹುತೇಕರಿಗೆ ಅಲ್ಸರ್ರೂ ಬರಲ್ಲ, ಕ್ಯಾನ್ಸರ್ರೂ ಬರಲ್ಲ. ಎಲ್ಲ ಉರಿಗೂ ಇದೇ ಕಾರಣ ಅಂತಲೂ ಅಲ್ಲ. ಆದ್ರೆ ಮಲ ಕಪ್ಪಾದ್ರೆ, ತೂಕ ಇಳಿದ್ರೆ, ನುಂಗೋಕೆ ಕಷ್ಟವಾದ್ರೆ ಪ್ರಿಲಿಮ್ಸ್ ಮುಗೀಲಿ ಅಂತ ಕಾಯಬೇಡಿ, ತಕ್ಷಣ ಡಾಕ್ಟರಿಗೆ ತೋರಿಸಿ.