ಹಿತ್ತಲ ಹಕ್ಕಿಗಳ ಚಳಿಗಾಲದ ಲೆಕ್ಕ

ಉತ್ತರದ ಶೀತ ನಾಡುಗಳಲ್ಲಿ ಹಕ್ಕಿಗಳನ್ನು ಎಣಿಸಲು ಚಳಿಗಾಲವನ್ನೇ ಆರಿಸಿಕೊಂಡದ್ದು ಮೇಲುನೋಟಕ್ಕೆ ವಿಚಿತ್ರವೆನಿಸುತ್ತದೆ. ಹುಳುಹುಪ್ಪಟೆ ತಿಂದು ಬದುಕುವ ಹಕ್ಕಿಗಳಲ್ಲಿ ಬಹುಪಾಲು ಆ ಹೊತ್ತಿಗೆ ದಕ್ಷಿಣಕ್ಕೆ ವಲಸೆ ಹೋಗಿರುತ್ತವೆ, ಉಳಿದವುಗಳ ಹಾಡೂ ಅಡಗಿರುತ್ತದೆ. ಆದರೆ ಎಲೆಯುದುರಿದ ಮರದಲ್ಲಿ ಹಕ್ಕಿಗೆ ಮರೆಯಿಲ್ಲ, ಹಿಮ ನೆಲವನ್ನು ಮುಚ್ಚಿದಾಗ ಅದು ಕಾಳನ್ನರಸಿ ಮನೆಯ ಹಿತ್ತಲಿಗೇ ಬರುತ್ತದೆ. ಈ ಅನುಕೂಲ ಶಾಸ್ತ್ರಕ್ಕೆ ಒದಗಿಬಂದದ್ದು ನೋಡುವವರ ಕಣ್ಣಿನ ಚುರುಕಿಗಿಂತ ಹೆಚ್ಚಾಗಿ ಎಣಿಕೆಯ ನಿಯಮಗಳಿಂದ ಎಂಬುದನ್ನು ಈ ಪದ್ಧತಿಯ ಇತಿಹಾಸ ತೋರಿಸುತ್ತದೆ.

ಇಂಗ್ಲೆಂಡಿನ ಸೆಲ್ಬೋರ್ನ್ ಗ್ರಾಮದ ಪಾದ್ರಿ ಗಿಲ್ಬರ್ಟ್ ವೈಟ್ 1768ರಿಂದ 1793ರಲ್ಲಿ ತೀರಿಕೊಳ್ಳುವವರೆಗೆ, ಶಾಖ, ವಾಯುಭಾರ, ಗಾಳಿ, ಮಳೆಗಳ ಜೊತೆಗೆ ಗಿಡಮರ, ಹಕ್ಕಿಗಳ ಸಂಗತಿಗಳನ್ನೂ ಬರೆಯಲು ಅಂಕಣಗಳಿದ್ದ ಅಚ್ಚಿನ ದಿನಚರಿಯನ್ನು ತುಂಬುತ್ತಿದ್ದನು. 1776ರ ಜನವರಿ 31ರ ನಸುಕಿನಲ್ಲಿ ಉಷ್ಣಮಾಪಕದ ಪಾದರಸ ಫ್ಯಾರನ್‌ಹೀಟ್ ಸೊನ್ನೆಗೆ, ಅಂದರೆ ಸುಮಾರು ಮೈನಸ್ 18 ಸೆಲ್ಸಿಯಸ್‌ಗೆ, ಇಳಿದುದನ್ನು ಅವನು ದಾಖಲಿಸಿದ್ದಾನೆ. ಹವಾಮಾನವನ್ನೂ ಜೀವಿಗಳನ್ನೂ ಒಂದೇ ಪುಟದಲ್ಲಿ ಬರೆಯುವ ಕ್ರಮಕ್ಕೆ ಇದು ಒಳ್ಳೆಯ ಮಾದರಿಯಾದರೂ, ಒಬ್ಬನೇ ವ್ಯಕ್ತಿ ಒಂದೇ ಊರಿನಲ್ಲಿ ಇಟ್ಟ ಲೆಕ್ಕವಾದುದರಿಂದ ಬೇರೆ ಊರುಗಳೊಡನೆ ಹೋಲಿಸಿ ನೋಡುವ ಅವಕಾಶ ಅದರಲ್ಲಿ ಕಡಿಮೆಯಿತ್ತು.

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಕ್ರಿಸ್ಮಸ್ ದಿನ ಎರಡು ತಂಡಗಳಾಗಿ ಬೇಟೆಗೆ ಹೊರಟು, ಕೊಂದು ತಂದ ಹಕ್ಕಿ, ಪ್ರಾಣಿಗಳ ರಾಶಿ ಯಾರದು ದೊಡ್ಡದೋ ಅವರು ಗೆದ್ದರೆನ್ನುವ ಪಂದ್ಯವೊಂದು ರೂಢಿಯಲ್ಲಿತ್ತು. ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯ ಪಕ್ಷಿತಜ್ಞ ಫ್ರಾಂಕ್ ಚಾಪ್‌ಮನ್ ತಾನು ಸಂಪಾದಿಸುತ್ತಿದ್ದ ‘ಬರ್ಡ್-ಲೋರ್’ ಪತ್ರಿಕೆಯ ಮೂಲಕ, ಆ ದಿನ ಹಕ್ಕಿಗಳನ್ನು ಕೊಲ್ಲುವ ಬದಲು ಎಣಿಸುವಂತೆ ಕರೆಕೊಟ್ಟನು. 1900ರ ಡಿಸೆಂಬರ್ 25ರಂದು 27 ಮಂದಿ 25 ಸ್ಥಳಗಳಲ್ಲಿ ಎಣಿಸಿದಾಗ ಸುಮಾರು 90 ಜಾತಿಗಳ 18,500ರಷ್ಟು ಹಕ್ಕಿಗಳು ಲೆಕ್ಕಕ್ಕೆ ಸಿಕ್ಕವು. ಕಾಲಕ್ರಮದಲ್ಲಿ ಈ ಗಣತಿಗೆ ಕಟ್ಟುಪಾಡುಗಳು ಬಂದವು: 15 ಮೈಲಿ ವ್ಯಾಸದ ಗೊತ್ತಾದ ವೃತ್ತ, ಡಿಸೆಂಬರ್ 14ರಿಂದ ಜನವರಿ 5ರೊಳಗಿನ ಒಂದು ದಿನ, ಹಕ್ಕಿಗಳ ಸಂಖ್ಯೆಯ ಜೊತೆಗೆ ಆ ದಿನದ ಹವೆ ಮತ್ತು ಪ್ರತಿ ತಂಡ ಕಳೆದ ಗಂಟೆಗಳು. ಎಣಿಸುವವರು ಹೆಚ್ಚಿದಂತೆ ಹಕ್ಕಿಗಳೂ ಹೆಚ್ಚಿದಂತೆ ತೋರುವ ಭ್ರಮೆಯನ್ನು ಈ ಗಂಟೆಗಳ ಲೆಕ್ಕ ತಡೆಯಿತು.

ಈ ಗಣತಿ ಒಂದು ದಿನದ್ದು; ಚಳಿಗಾಲದುದ್ದಕ್ಕೂ ನಡೆಯುವ ಏರಿಳಿತವನ್ನು ಹಿಡಿಯಲು ಕಿಟಕಿಯ ಬಳಿ ಕಾಳಿನ ತಟ್ಟೆಯಿಟ್ಟ ಗೃಹಸ್ಥರೇ ಬೇಕಾದರು. ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ಲಾಂಗ್ ಪಾಯಿಂಟ್ ಪಕ್ಷಿ ವೀಕ್ಷಣಾಲಯ 1976ರಲ್ಲಿ ಇಂಥವರ ಸಮೀಕ್ಷೆಯನ್ನು ಆರಂಭಿಸಿತು. ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯ ಕೈಜೋಡಿಸಿದ ಮೇಲೆ, 1987ರ ಚಳಿಗಾಲದಿಂದ ಅದು ‘ಪ್ರಾಜೆಕ್ಟ್ ಫೀಡರ್‌ವಾಚ್’ ಎಂಬ ಹೆಸರಿನಲ್ಲಿ ಉತ್ತರ ಅಮೆರಿಕದಲ್ಲೆಲ್ಲ ಹರಡಿತು. ಅದರ ಮುಖ್ಯ ನಿಯಮ ಸರಳವಾದುದು. ಕಪ್ಪುಟೋಪಿಯ ಚಿಕಡೀಯಂಥ ಪುಟ್ಟ ಹಕ್ಕಿ ಒಂದೊಂದೇ ಬೀಜವನ್ನು ಕಚ್ಚಿಕೊಂಡು ಹೋಗಿ ಬಚ್ಚಿಟ್ಟು ಮತ್ತೆ ಮತ್ತೆ ಬರುವುದರಿಂದ, ಬಂದಾಗಲೆಲ್ಲ ಎಣಿಸಿದರೆ ಒಂದೇ ಹಕ್ಕಿ ಹತ್ತಾಗುತ್ತದೆ. ಆದಕಾರಣ ಒಂದು ಜಾತಿಯ ಹಕ್ಕಿಗಳು ಏಕಕಾಲಕ್ಕೆ ಹೆಚ್ಚೆಂದರೆ ಎಷ್ಟು ಕಂಡವೋ ಅಷ್ಟನ್ನು ಮಾತ್ರ ಬರೆಯಬೇಕು.

ಇಂಥ ದಾಖಲೆಯ ಬೆಲೆ 1994ರಲ್ಲಿ ಗೊತ್ತಾಯಿತು. ಪಶ್ಚಿಮದ ಹಕ್ಕಿಯಾದ ಹೌಸ್ ಫಿಂಚ್ ಅನ್ನು 1940ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಪಂಜರದಿಂದ ಬಿಡಲಾಗಿತ್ತು, ಅದರ ಸಂತತಿ ಪೂರ್ವದಲ್ಲೆಲ್ಲ ಹಬ್ಬಿತ್ತು. 1994ರಲ್ಲಿ ವಾಷಿಂಗ್ಟನ್ ಡಿ.ಸಿ.ಯ ಸುತ್ತಲಿನ ಹಿತ್ತಲುಗಳಲ್ಲಿ ಕಣ್ಣು ಊದಿಕೊಂಡ ಫಿಂಚ್‌ಗಳು ಕಾಣಿಸಿಕೊಂಡವು. ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದಿಂದ ಬಂದ ಈ ರೋಗ ಕೆಲವೇ ವರ್ಷಗಳಲ್ಲಿ ಪೂರ್ವವನ್ನೆಲ್ಲ ವ್ಯಾಪಿಸಿದಾಗ, ಅದಕ್ಕೆ ಮುಂಚಿನ ಎಣಿಕೆ ಸಿದ್ಧವಿದ್ದುದರಿಂದಲೇ ಹಕ್ಕಿಗಳು ಎಷ್ಟು ಕುಸಿದವೆಂದು ಅಳೆಯಲು ಸಾಧ್ಯವಾಯಿತು. ಹಲವು ಹಕ್ಕಿಗಳನ್ನು ಒಂದೆಡೆ ಸೇರಿಸುವ ಕಾಳಿನ ತಟ್ಟೆಯೇ ಸೋಂಕಿನ ದಾರಿಯೂ ಆಗಬಲ್ಲುದೆಂಬುದು ಸ್ಪಷ್ಟವಾಗಿ, ಅದನ್ನು ತೊಳೆದು ಶುಚಿಯಾಗಿಡಬೇಕೆಂಬ ಮಾತಿಗೆ ತೂಕ ಬಂದಿತು.

ಅಮೆರಿಕ ಮತ್ತು ಕೆನಡಾಗಳಲ್ಲಿ 1970ರಿಂದೀಚೆಗೆ ಸುಮಾರು 290 ಕೋಟಿ ಹಕ್ಕಿಗಳು ಇಲ್ಲವಾಗಿವೆಯೆಂದು 2019ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದಾಗ ಆಧರಿಸಿದ ದಾಖಲೆಗಳಲ್ಲಿ ಕ್ರಿಸ್ಮಸ್ ಗಣತಿಯೂ ಸೇರಿತ್ತು. ಕಳೆದುಹೋದುದನ್ನು ತಿಳಿಯಬೇಕಾದರೆ ಇದ್ದುದನ್ನು ಬರೆದಿಟ್ಟಿರಬೇಕು, ಬಾರದೆಹೋದುದನ್ನೂ ಬರೆದಿಟ್ಟಿರಬೇಕು; ಒಂದೂ ಹಕ್ಕಿ ಸುಳಿಯದ ದಿನದ ವರದಿಯನ್ನೂ ಫೀಡರ್‌ವಾಚ್ ಕೇಳಿ ಪಡೆಯುವುದು ಇದಕ್ಕಾಗಿಯೇ. ವೈಟ್‌ನ ದಿನಚರಿಯಲ್ಲಿ ಸೊನ್ನೆ ಚಳಿಯ ಅಳತೆಯಾಗಿತ್ತು. ಹಿತ್ತಲಿನ ಲೆಕ್ಕದಲ್ಲಿ ಅದು ಹಕ್ಕಿಗಳ ಅಳತೆಯೂ ಆಗಿದೆ.